ದಿಮ್ಮಿ ಮನೆಯ ಕಿಟಕಿ: ಬೆಳಕಿಗೆ ಎಷ್ಟು ಬೆಲೆ?

1/6
ಲಾಗ್ ಕ್ಯಾಬಿನ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ದುಂಡನೆಯ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಮಲಗಿಸಿ ಕಟ್ಟಿದ ಗೋಡೆ. ಸುತ್ತ ಹಿಮ. ಚಿಮಣಿಯಿಂದ ಏಳುವ ಹೊಗೆ. ಮತ್ತೆ ಒಳಗಿನ ಹಳದಿ ಬೆಳಕನ್ನು ಹೊರಗೆ ಚೆಲ್ಲುವ ಒಂದು ಪುಟ್ಟ ಕಿಟಕಿ, ಅದರಲ್ಲಿ ಆರೋ ಒಂಬತ್ತೋ ಸಣ್ಣ ಗಾಜಿನ ಚೌಕಗಳು.

ಇವತ್ತು ಅಮೆರಿಕದಲ್ಲೋ ಕೆನಡಾದಲ್ಲೋ ಇಂಥ ಮನೆ ಕಟ್ಟಿಸುವವರ ಕೈಗೆ ಕಿಟಕಿಗಳ ಕ್ಯಾಟಲಾಗ್ ಸಿಗುತ್ತೆ. ಮೇಲೆ ಕೆಳಗೆ ಜಾರುವ ಡಬಲ್ ಹಂಗ್, ಬಾಗಿಲಿನ ಹಾಗೆ ತೆರೆಯುವ ಕೇಸ್‌ಮೆಂಟ್, ತೆರೆಯೋಕೇ ಆಗದ ದೊಡ್ಡ ಪಿಕ್ಚರ್ ವಿಂಡೋ. ಹಳೇ ಕಾಲದ ನೋಟ ಬೇಕು ಅಂದ್ರೆ ಸಣ್ಣ ಚೌಕಗಳದ್ದು. ಅದೂ ನಿಜವಾದ ಚೌಕಗಳೇ ಆಗಬೇಕು ಅಂತಿಲ್ಲ, ಒಂದೇ ದೊಡ್ಡ ಗಾಜಿನ ಮೇಲೆ ಸಿಕ್ಕಿಸುವ ಪಟ್ಟಿಗಳೂ ಸಿಗುತ್ತವೆ.

ಆದರೆ ಆ ಪುಟ್ಟ ಕಿಟಕಿಯನ್ನು ಮೊದಲು ಮಾಡಿಕೊಂಡವರಿಗೆ ಕ್ಯಾಟಲಾಗ್ ಇರಲಿಲ್ಲ. ಗೋಡೆ ಎಷ್ಟು ಬಿಟ್ಟುಕೊಡುತ್ತೆ, ಕೈಯಲ್ಲಿ ಕಾಸು ಎಷ್ಟಿದೆ, ಹೊರಗೆ ಚಳಿ ಎಷ್ಟಿದೆ ಅನ್ನೋ ಮೂರು ಲೆಕ್ಕ ಹಾಕಿ ಉಳಿದಷ್ಟೇ ಅವರ ಕಿಟಕಿ. ನಾವು ಇವತ್ತು ಚೆಂದ ಅಂತ ಆರಿಸಿಕೊಳ್ಳೋದು ಅವರಿಗೆ ಆಯ್ಕೆಯೇ ಆಗಿರಲಿಲ್ಲ. ಈ ಆರು ಕಂತುಗಳಲ್ಲಿ ಹೇಳೋಕೆ ಹೊರಟಿರೋದು ಆ ಕಥೆಯನ್ನೇ.

2/6
ಮೊದಲು ಗೋಡೆಯನ್ನು ಅರ್ಥ ಮಾಡ್ಕೊಳ್ಳೋಣ.

ಇಟ್ಟಿಗೆ ಗೋಡೆಯಲ್ಲಿ ಕಿಟಕಿ ಕೂರಿಸೋದು ಸುಲಭ. ಜಾಗ ಬಿಟ್ಟು, ಮೇಲೊಂದು ಲಿಂಟಲ್ ಹಾಕಿದ್ರೆ ಆಯ್ತು. ದಿಮ್ಮಿ ಗೋಡೆ ಹಾಗಲ್ಲ. ಅಲ್ಲಿ ಪ್ರತಿ ದಿಮ್ಮಿಯೂ ಮೂಲೆಯಿಂದ ಮೂಲೆಗೆ ಮಲಗಿರುತ್ತೆ. ಎರಡೂ ತುದಿಗಳಲ್ಲಿ ಕಚ್ಚು ಕೊರೆದು ಪಕ್ಕದ ಗೋಡೆಯ ದಿಮ್ಮಿಗೆ ಹೆಣೆದಿರುತ್ತಾರೆ. ಆ ಹೆಣಿಗೆಯೇ ಮನೆಯ ಶಕ್ತಿ. ಕಿಟಕಿಗಾಗಿ ನಡುವೆ ಕತ್ತರಿಸಿದಿರೋ, ದಿಮ್ಮಿಯ ಒಂದು ತುದಿ ಗಾಳಿಯಲ್ಲಿ ಉಳಿಯುತ್ತೆ. ಹಾಗಾಗಿ ಕಿಟಕಿ ಅಂದ್ರೆ ಗೋಡೆಯಲ್ಲೊಂದು ಗಾಯ.

ಇನ್ನೊಂದು ವಿಷಯ ಇದೆ. ಮರ ಒಣಗುವಾಗ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗೋದೇ ಇಲ್ಲ, ಅಡ್ಡಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತೆ. ದಿಮ್ಮಿಗಳು ಮಲಗಿರೋದರಿಂದ ಇಡೀ ಗೋಡೆಯೇ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತೆ. ಹಸಿ ಮರದಲ್ಲಿ ಕಟ್ಟುವವರು ಇವತ್ತಿಗೂ ಒಂದು ಅಡಿ ಎತ್ತರಕ್ಕೆ ಮುಕ್ಕಾಲು ಇಂಚು ಇಳಿಯಬಹುದು ಅಂತ ಲೆಕ್ಕ ಹಿಡೀತಾರೆ. ಎಂಟು ಅಡಿ ಗೋಡೆ ಅಂದ್ರೆ ಆರು ಇಂಚು!

ಗೋಡೆ ಇಳಿಯುತ್ತೆ, ಆದರೆ ಕಿಟಕಿಯ ಚೌಕಟ್ಟು ಇಳಿಯಲ್ಲ. ಅದರ ನಿಲುಗಂಬಗಳು ಲಂಬವಾಗಿ ನಿಂತಿವೆಯಲ್ಲ, ಅವು ಕುಗ್ಗೋದಿಲ್ಲ. ಬಿಗಿಯಾಗಿ ಕೂರಿಸಿಬಿಟ್ಟರೆ ಮೇಲಿನ ದಿಮ್ಮಿಗಳು ಬಂದು ಚೌಕಟ್ಟಿನ ತಲೆ ಮೇಲೆ ಕೂರುತ್ತವೆ. ಆಗ ಕಿಟಕಿ ತೆರೆಯೋಕಾಗಲ್ಲ, ಗಾಜು ಬಿರುಕು ಬಿಡುತ್ತೆ, ಅಕ್ಕಪಕ್ಕದ ದಿಮ್ಮಿಗಳ ಸಂದಿ ಬಾಯ್ಬಿಟ್ಟು ಚಳಿಗಾಳಿ ಒಳಗೆ ನುಗ್ಗುತ್ತೆ.

3/6
ಇದಕ್ಕೆ ಸೊಗಸಾದ ಉತ್ತರ ಕಂಡುಕೊಂಡವರಲ್ಲಿ ರಷ್ಯಾದ ಉತ್ತರ ಭಾಗದ ಹಳ್ಳಿಗರೂ ಇದ್ದರು. ಅವರ ದಿಮ್ಮಿ ಮನೆಗೆ ಇಜ್ಬಾ ಅಂತ ಹೆಸರು.

ಅಲ್ಲಿನ ಹಳೆಯ ಕಿಟಕಿಯ ಹೆಸರು ವೊಲೊಕೊವೊಯೆ. ಎಳೆದು ಮುಚ್ಚುವ ಕಿಟಕಿ ಅಂತ ಇಟ್ಕೊಳ್ಳಿ. ಒಂದರ ಮೇಲೊಂದಿರುವ ಎರಡು ದಿಮ್ಮಿಗಳನ್ನು ತಗೊಂಡು, ಕೆಳಗಿನದರಲ್ಲಿ ಅರ್ಧ, ಮೇಲಿನದರಲ್ಲಿ ಅರ್ಧ ಕೊರೆಯುತ್ತಿದ್ದರು. ಎರಡೂ ಅರ್ಧ ಸೇರಿದರೆ ಒಂದು ದಿಮ್ಮಿಯಷ್ಟು ಎತ್ತರದ ಅಡ್ಡ ಕಿಂಡಿ. ಜಾಣತನ ನೋಡಿ, ಯಾವ ದಿಮ್ಮಿಯೂ ಪೂರ್ತಿ ತುಂಡಾಗಲಿಲ್ಲ! ಗಾಜೂ ಇಲ್ಲ, ಚೌಕಟ್ಟೂ ಇಲ್ಲ. ಒಳಗಡೆಯಿಂದ ಒಂದು ಹಲಗೆ ಎಳೆದರೆ ಮುಚ್ಚಿತು. ಚಿಮಣಿ ಇಲ್ಲದ ಮನೆಗಳಲ್ಲಿ ಒಲೆಯ ಹೊಗೆ ಹೋಗೋಕೂ ಇದೇ ದಾರಿ.

ಆಮೇಲೆ ಬಂದಿದ್ದು ಕ್ರಾಸ್ನೊಯೆ, ಅಂದರೆ ಚೆಂದದ ಕಿಟಕಿ. ಇಲ್ಲಿ ದಿಮ್ಮಿಗಳನ್ನು ಪೂರ್ತಿ ಕತ್ತರಿಸಿ, ಕತ್ತರಿಸಿದ ತುದಿಗಳನ್ನು ಎರಡು ದಪ್ಪ ನಿಲುಗಂಬಗಳ ಗಾಡಿಗೆ ಸಿಕ್ಕಿಸುತ್ತಿದ್ದರು. ಮೊಳೆ ಹೊಡೆಯುತ್ತಿರಲಿಲ್ಲ. ದಿಮ್ಮಿಗಳು ಆ ಗಾಡಿಯಲ್ಲಿ ಜಾರಿಕೊಂಡು ತಮ್ಮ ಪಾಡಿಗೆ ಕೆಳಗಿಳಿಯಬೇಕು. ಚೌಕಟ್ಟಿನ ಮೇಲೆ ಬೇಕಂತಲೇ ಒಂದು ಸಂದಿ ಬಿಟ್ಟು, ಅದಕ್ಕೆ ನಾರು, ಪಾಚಿ ತುಂಬುತ್ತಿದ್ದರು. ಆ ಸಂದಿ ಕಾಣದ ಹಾಗೆ, ಗಾಳಿ ನುಗ್ಗದ ಹಾಗೆ ಹೊರಗಡೆ ಒಂದು ಹಲಗೆಯ ಅಂಚು. ಆ ಹಲಗೆಯ ಮೇಲೆ ಕೆತ್ತನೆ. ಒನೇಗಾ ಸರೋವರದ ಕಿಝಿ ದ್ವೀಪದ ಬಯಲು ಮ್ಯೂಸಿಯಂನಲ್ಲಿ 1876ರ ಒಶೆವ್‌ನೆವ್ ಮನೆ ಇದೆ. ಅದರ ಕಿಟಕಿಗಳ ಸುತ್ತಲಿನ ಕೆತ್ತನೆ ನೋಡಿ ವಾಹ್ ಅಂದುಕೊಳ್ಳುವಾಗ ಇದೂ ನೆನಪಿರಲಿ: ಆ ಅಲಂಕಾರದ ಹಿಂದೆ ಒಂದು ಸಂದಿ ಅಡಗಿರುತ್ತೆ.

ಗಾಜು ಎಲ್ಲಿ ಅಂತ ಕೇಳ್ತೀರಾ? ಉಳ್ಳವರ ಮನೆಗೆ ಅಭ್ರಕ, ನಮ್ಮ ಹಳ್ಳಿಗಳಲ್ಲಿ ಮಕ್ಕಳು ಆರಿಸಿಕೊಂಡು ಬರುವ ಕಾಗೆ ಬಂಗಾರ. ಅದರ ತೆಳು ಹಾಳೆಗಳನ್ನು ಹೊಲಿದು ಕಿಟಕಿಗೆ ಕಟ್ಟುತ್ತಿದ್ದರು. ಇಲ್ಲದವರ ಮನೆಗೆ ಹಿಗ್ಗಿಸಿ ಒಣಗಿಸಿದ ಎತ್ತಿನ ಮೂತ್ರಕೋಶ. ಪಶ್ಚಿಮ ಯುರೋಪಿನವರು ರಷ್ಯಾದ ಅಭ್ರಕವನ್ನು ಮಸ್ಕೊವಿ ಗಾಜು ಅಂತಲೇ ಕರೆದರು. ಮಸ್ಕೊವೈಟ್ ಅನ್ನೋ ಖನಿಜದ ಹೆಸರು ಹುಟ್ಟಿದ್ದು ಅಲ್ಲಿಂದಲೇ.

4/6
ಈಗ ಅಟ್ಲಾಂಟಿಕ್ ದಾಟೋಣ.

ಅಮೆರಿಕಕ್ಕೆ ಮೊದಲು ಬಂದ ಇಂಗ್ಲಿಷರು ಲಾಗ್ ಕ್ಯಾಬಿನ್ ಕಟ್ಟಿಕೊಂಡರು ಅಂತ ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ ಅಂತ ಹೆರಾಲ್ಡ್ ಶರ್ಟ್‌ಲೆಫ್ ಅನ್ನೋ ಇತಿಹಾಸಕಾರರ 1939ರ ಪುಸ್ತಕ ತೋರಿಸಿಕೊಟ್ಟಿತು. ಇಂಗ್ಲಿಷರು ತಮ್ಮ ಊರಿನಲ್ಲಿ ಕಲಿತ ಹಾಗೆ ಕಂಬ ನಿಲ್ಲಿಸಿ ಹಲಗೆ ಹೊಡೆದು ಕಟ್ಟಿದರು. ದಿಮ್ಮಿ ಮನೆಯ ವಿದ್ಯೆಯನ್ನು 1638ರಿಂದ ಡೆಲವೇರ್ ನದಿಯ ದಡದಲ್ಲಿ ನೆಲೆಸಿದ ಸ್ವೀಡನ್, ಫಿನ್‌ಲ್ಯಾಂಡ್ ಕಡೆಯವರು ತಂದರು. ಮುಂದೆ ಜರ್ಮನ್ ವಲಸಿಗರೂ ತಮ್ಮ ವಿದ್ಯೆ ಸೇರಿಸಿದರು.

ಆದರೆ ಗಾಜಿನ ಬರ ಎಲ್ಲರಿಗೂ ಒಂದೇ. ಪ್ಲಿಮತ್ ವಸಾಹತಿನ ಎಡ್ವರ್ಡ್ ವಿನ್‌ಸ್ಲೋ 1621ರಲ್ಲಿ ಊರಿಗೆ ಪತ್ರ ಬರೆದು, ಮುಂದೆ ಬರುವವರು ಕಿಟಕಿಗಾಗಿ ಕಾಗದವನ್ನೂ ಅಗಸೆ ಎಣ್ಣೆಯನ್ನೂ ತರಬೇಕು ಅಂತ ಸಲಹೆ ಕೊಟ್ಟಿದ್ದರು. ಎಣ್ಣೆ ಕುಡಿದ ಕಾಗದ ಅರೆಪಾರದರ್ಶಕ ಆಗುತ್ತೆ. ಬಜ್ಜಿ ಕಟ್ಟಿಕೊಟ್ಟ ಪೇಪರ್ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಕು ಬರುತ್ತೆ, ಆದರೆ ಹೊರಗೆ ಏನಿದೆ ಅಂತ ಕಾಣಲ್ಲ.

ಇನ್ನೂರು ವರ್ಷ ಆದಮೇಲೂ ಒಳನಾಡಿನ ಕ್ಯಾಬಿನ್‌ಗಳಲ್ಲಿ ಇದೇ ಉಪಾಯ, ಅಗಸೆ ಎಣ್ಣೆ ಸಿಗದಿದ್ದರೆ ಹಂದಿ ಕೊಬ್ಬು ಅಥವಾ ಕರಡಿ ಕೊಬ್ಬು. ಎಷ್ಟೋ ಮನೆಗಳಿಗೆ ಕಿಟಕಿಯೇ ಇರಲಿಲ್ಲ. ಚಳಿಗಾಲದಲ್ಲೂ ಬೆಳಕಿಗೋಸ್ಕರ ಹಗಲು ಬಾಗಿಲು ತೆರೆದಿಡಬೇಕಿತ್ತು. ಓಹಾಯೊ, ಇಂಡಿಯಾನ ಕಡೆಯ ದಿಮ್ಮಿ ಶಾಲೆಗಳಲ್ಲಿ ಒಂದು ಗೋಡೆಯ ಒಂದು ದಿಮ್ಮಿಯನ್ನೇ ಉದ್ದಕ್ಕೂ ತೆಗೆದು, ಆ ಸೀಳಿಗೆ ಎಣ್ಣೆ ಕಾಗದ ಅಂಟಿಸಿ, ಅದರ ಕೆಳಗೆ ಇಳಿಜಾರಿನ ಹಲಗೆ ಇಡುತ್ತಿದ್ದರು. ಮಕ್ಕಳು ಅಕ್ಷರ ತಿದ್ದಿದ್ದು ಆ ಒಂದು ಗೆರೆ ಬೆಳಕಿನಲ್ಲಿ.

ಅಪಲೇಚಿಯನ್ ಬೆಟ್ಟಗಳಾಚೆ ಗಾಜಿನ ಕಾರ್ಖಾನೆ ಶುರುವಾಗಿದ್ದು 1797ರ ಹೊತ್ತಿಗೆ, ಪಿಟ್ಸ್‌ಬರ್ಗ್ ಮತ್ತು ನ್ಯೂ ಜಿನೀವಾದಲ್ಲಿ. ಅಲ್ಲೂ ಗಾಜನ್ನು ಬಾಯಲ್ಲಿ ಊದಿ, ಕೊಳವೆ ಮಾಡಿ, ಸೀಳಿ, ಚಪ್ಪಟೆ ಮಾಡಿ ಕತ್ತರಿಸುತ್ತಿದ್ದ ಕಾಲ. 8 ಇಂಚು ಅಗಲ, 10 ಇಂಚು ಎತ್ತರದ ತುಂಡುಗಳು ಸಾಮಾನ್ಯ. ದೊಡ್ಡದು ದುಬಾರಿ, ಗಾಡಿಯಲ್ಲಿ ಕುಲುಕಿ ಬರುವಾಗ ಒಡೆಯುತ್ತೆ. ಸಣ್ಣದಾದರೆ ಒಂದು ಒಡೆದರೂ ಒಂದನ್ನೇ ಬದಲಿಸಿದರೆ ಸಾಕು. ಆ ಮುದ್ದಾದ ಚೌಕಗಳ ಹಿಂದಿನ ಕಾರಣ ಇಷ್ಟೇ.

ಹಾಗಾದ್ರೆ ಬೆಲೆ ಎಷ್ಟು? ಒಂದು ಪಕ್ಕಾ ಲೆಕ್ಕ ಸಿಗುತ್ತೆ. ಥೋರೋ 1845ರಲ್ಲಿ ವಾಲ್ಡನ್ ಕೊಳದ ಬಳಿ ಮನೆ ಕಟ್ಟಿಕೊಂಡರಲ್ಲ, ಅದು ದಿಮ್ಮಿಯದ್ದಲ್ಲ, ಹಲಗೆ ಮನೆ. ಆದರೂ ಖರ್ಚಿನ ಪಟ್ಟಿಯನ್ನು ಅವರೇ ಕೊಟ್ಟಿದ್ದಾರೆ. ಒಟ್ಟು 28 ಡಾಲರ್ 12½ ಸೆಂಟ್. ಅದರಲ್ಲಿ ಎರಡು ಕಿಟಕಿಗೆ 2 ಡಾಲರ್ 43 ಸೆಂಟ್. ಅದೂ ಸೆಕೆಂಡ್ ಹ್ಯಾಂಡ್!

5/6
1840ರ ಹೊತ್ತಿಗೆ ಲಾಗ್ ಕ್ಯಾಬಿನ್ ಚುನಾವಣೆಯ ಗುರುತೇ ಆಯ್ತು. ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ವಿರೋಧಿಗಳು, ಕ್ಯಾಬಿನ್‌ನಲ್ಲಿ ಕೂತು ಸೈಡರ್ ಕುಡ್ಕೊಂಡು ಇರೋಕೆ ಲಾಯಕ್ಕು ಅಂತ ಲೇವಡಿ ಮಾಡಿದರು. ಅವರ ಪಕ್ಷ ಆ ಲೇವಡಿಯನ್ನೇ ಬಾವುಟ ಮಾಡಿಕೊಂಡು ಗೆದ್ದಿತು. ಆದರೆ ಹ್ಯಾರಿಸನ್ ಹುಟ್ಟಿದ್ದು ವರ್ಜೀನಿಯಾದ ಬರ್ಕ್‌ಲಿ ಎಸ್ಟೇಟಿನ ಇಟ್ಟಿಗೆ ಬಂಗಲೆಯಲ್ಲಿ! ಇಪ್ಪತ್ತು ವರ್ಷದ ಮೇಲೆ, ಕೆಂಟಕಿಯ ನಿಜವಾದ ಕ್ಯಾಬಿನ್‌ನಲ್ಲಿ 1809ರಲ್ಲಿ ಹುಟ್ಟಿದ್ದ ಲಿಂಕನ್ ಅಧ್ಯಕ್ಷರಾದಾಗ ಆ ಚಿತ್ರಕ್ಕೆ ಇನ್ನಷ್ಟು ಹೊಳಪು ಬಂತು. ಬಡ ಕ್ಯಾಬಿನ್, ಛಲದ ಹುಡುಗ, ಕೊನೆಗೆ ಶ್ವೇತಭವನ.

ಅದೇ ಕಾಲದ ಇನ್ನೊಂದು ಕ್ಯಾಬಿನ್ ನೋಡಿ. 1856ರ ಸುಮಾರಿಗೆ ವರ್ಜೀನಿಯಾದ ಒಂದು ಎಸ್ಟೇಟಿನಲ್ಲಿ ಗುಲಾಮಳಾಗಿದ್ದ ಅಡುಗೆಯವಳ ಮಗನಾಗಿ ಬೂಕರ್ ಟಿ. ವಾಷಿಂಗ್ಟನ್ ಹುಟ್ಟಿದರು. ಮುಂದೆ ಟಸ್ಕೀಗಿಯಲ್ಲಿ ದೊಡ್ಡ ವಿದ್ಯಾಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಅವರೇ. 1901ರಲ್ಲಿ ಬಂದ ಆತ್ಮಕಥೆಯಲ್ಲಿ ಅವರು ತಾವು ಬೆಳೆದ ದಿಮ್ಮಿ ಮನೆಯ ಅಳತೆ ಕೊಡುತ್ತಾರೆ: 14 ಅಡಿಗೆ 16 ಅಡಿ. ಅದು ಮನೆಯೂ ಹೌದು, ಇಡೀ ಎಸ್ಟೇಟಿನ ಅಡುಗೆಮನೆಯೂ ಹೌದು. ನೆಲ ಬರೀ ಮಣ್ಣು. ಕಿಟಕಿಗೆ ಗಾಜಿಲ್ಲ, ಗೋಡೆಯಲ್ಲಿ ಬರೀ ಕಿಂಡಿಗಳು. ಬೆಳಕಿನ ಜೊತೆಗೆ ಚಳಿಗಾಲದ ಕೊರೆಯುವ ಗಾಳಿಯೂ ಅದರಲ್ಲೇ ಬರುತ್ತಿತ್ತು.

ಎರಡೂ ಲಾಗ್ ಕ್ಯಾಬಿನ್‌ಗಳೇ. ಗಡಿನಾಡಿನ ರೈತನಿಗೆ ನಾಲ್ಕು ಬೆಳೆ ಕೈಗೆ ಬಂದರೆ ಕಾಗದ ಕಿತ್ತು ಗಾಜು ಹಾಕಿಸುವ ಆಸೆಯಾದರೂ ಇತ್ತು. ಬೂಕರ್ ಅವರ ತಾಯಿ ಇದ್ದ ಮನೆ ಅವರದ್ದಲ್ಲ, ದುಡಿದ ದುಡಿಮೆ ಅವರದ್ದಲ್ಲ, ಹಾಗಾಗಿ ಕಿಟಕಿಗೆ ಏನು ಹಾಕಬೇಕು ಅನ್ನೋ ತೀರ್ಮಾನವೂ ಅವರ ಕೈಲಿರಲಿಲ್ಲ. ಚುನಾವಣೆಯ ಚಿತ್ರದಲ್ಲಿ ಈ ಕ್ಯಾಬಿನ್‌ಗೆ ಜಾಗ ಸಿಗಲಿಲ್ಲ.

6/6
ಸಣ್ಣ ಚೌಕ ಯಾವಾಗ ಶೈಲಿ ಆಯ್ತು? ದೊಡ್ಡ ಗಾಜು ಸುಲಭವಾಗಿ ಸಿಗೋಕೆ ಶುರುವಾದ ಮೇಲೆ! ಯೆಲ್ಲೊಸ್ಟೋನ್‌ನ ಓಲ್ಡ್ ಫೇತ್‌ಫುಲ್ ಇನ್ ನೋಡಿ. ರಾಬರ್ಟ್ ರೀಮರ್ ವಿನ್ಯಾಸ, 1904ರಲ್ಲಿ ತೆರೆದ ದೈತ್ಯ ದಿಮ್ಮಿ ಹೋಟೆಲ್. ಅದರಲ್ಲಿ ವಜ್ರಾಕಾರದ ಸಣ್ಣ ಗಾಜುಗಳ ಕಿಟಕಿಗಳಿವೆ. ಅಷ್ಟು ದೊಡ್ಡ ಹೋಟೆಲಿಗೆ ಅದು ಬಡತನದ ಲೆಕ್ಕ ಅಲ್ಲ, ಬೇಕು ಅಂತ ಮಾಡಿದ ಆಯ್ಕೆ. ಆಮೇಲೆ 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ ಕರಗಿದ ತವರದ ಮೇಲೆ ಗಾಜು ತೇಲಿಸುವ ವಿಧಾನವನ್ನು ಪ್ರಕಟಿಸಿತು. ಉಜ್ಜಿ ನಯ ಮಾಡುವ ಕೆಲಸವಿಲ್ಲದೆ ದೊಡ್ಡ, ಸಮತಟ್ಟಾದ ಗಾಜು ಸಿಗೋ ಹಾಗಾಯ್ತು.

ಗಾಜು ಬದಲಾಯ್ತು, ಗೋಡೆ ಬದಲಾಗಿಲ್ಲ. ಹಾಗಾಗಿ ನೀವೋ ನಿಮ್ಮವರೋ ದಿಮ್ಮಿ ಮನೆ ಕಟ್ಟಿಸುವುದಾದರೆ ಶೈಲಿ ಆರಿಸುವ ಮುಂಚೆ ಇಷ್ಟು ಕೇಳಿ:

ಒಂದು, ಮರ ಹಸಿಯೋ ಒಣಗಿದ್ದೋ? ಹಸಿಯಾದರೆ ನಾಲ್ಕು ಅಡಿ ಎತ್ತರದ ಕಿಟಕಿಯ ಮೇಲೆ ಸುಮಾರು ಮೂರು ಇಂಚು ಸಂದಿ ಬೇಕು.

ಎರಡು, ಚೌಕಟ್ಟು ದಿಮ್ಮಿಗೆ ಬಿಗಿಯಾಗಿ ಮೊಳೆ ಹೊಡೆದು ಕೂತಿದೆಯೋ, ಗಾಡಿಯಲ್ಲಿ ಜಾರುವ ಹಾಗಿದೆಯೋ? ರಷ್ಯಾದ ಹಳ್ಳಿಗರ ಉಪಾಯವೇ ಇವತ್ತಿಗೂ ಸರಿಯಾದ ಉಪಾಯ.

ಮೂರು, ಕಿಟಕಿ ಮೂಲೆಗೆ ತೀರಾ ಹತ್ತಿರ ಇದೆಯೋ? ತುಂಡು ದಿಮ್ಮಿಗಳಿಗೆ ಹಿಡಿತ ಕಡಿಮೆ.

ನಾಲ್ಕು, ಇಡೀ ಗೋಡೆ ಗಾಜಿನದ್ದೇ ಬೇಕೋ? ಸಾಮಾನ್ಯವಾಗಿ ಆ ಭಾಗವನ್ನು ಕಂಬ ತೊಲೆಗಳ ಮೇಲೆ ಕಟ್ಟುತ್ತಾರೆ, ಮಲಗಿಸಿದ ದಿಮ್ಮಿಗಳಿಂದಲ್ಲ.

ಇದಾದ ಮೇಲೆ ಸಣ್ಣ ಚೌಕವೇ ಇಷ್ಟ ಅಂದ್ರೆ ಖಂಡಿತ ಹಾಕಿಸಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಹಳೇ ಕಾಲದ ಸೊಗಸು ಅಂತ ಕರೆಯುವಾಗ, ಆ ಕಾಲದವರು ಅದಕ್ಕಿಂತ ದೊಡ್ಡ ಬೆಳಕಿಗೆ ಎಷ್ಟು ಹಂಬಲಿಸಿದ್ದರು ಅಂತ ಒಮ್ಮೆ ನೆನೆಸಿಕೊಳ್ಳಿ.

ಕೊನೆಗೊಂದು ಮಾತು. ಇಂಗ್ಲಿಷಿನ ವಿಂಡೋ ಬಂದಿದ್ದು ಹಳೆಯ ನಾರ್ಸ್ ಭಾಷೆಯಿಂದ, ಅರ್ಥ ಗಾಳಿಯ ಕಣ್ಣು. ರಷ್ಯನ್ನಿನ ಅಕ್ನೋ ಪದದ ಬೇರು ಕೂಡ ಕಣ್ಣೇ. ಸಂಸ್ಕೃತದ ಗವಾಕ್ಷ ಅಂದ್ರೆ ಎತ್ತಿನ ಕಣ್ಣು. ಕನ್ನಡ ಮಾತ್ರ ನೇರವಾಗಿ ಬೆಳಕಿಂಡಿ ಅಂದುಬಿಟ್ಟಿತು.

ನಿಮ್ಮ ಅಜ್ಜಿ ಮನೆಯ ಬೆಳಕಿಂಡಿ ಎಷ್ಟು ದೊಡ್ಡದಿತ್ತು? ಅದಕ್ಕೆ ಗಾಜಿತ್ತಾ, ಬರೀ ಸರಳಿತ್ತಾ? ಕಾಮೆಂಟ್‌ನಲ್ಲಿ ಬರೀರಿ, ಓದೋಕೆ ಕಾಯ್ತಿರ್ತೀನಿ.

#ಕಿಟಕಿಕಥೆ #ದಿಮ್ಮಿಮನೆ #ಬೆಳಕಿಂಡಿ #ಇತಿಹಾಸಕನ್ನಡದಲ್ಲಿ