ಎಚ್‌ಐವಿಯ ಆಣ್ವಿಕ ಜೀವವಿಜ್ಞಾನ

ಎಚ್‌ಐವಿ, ಏಡ್ಸ್‌ಗೆ ಕಾರಣವಾಗುವ ರೆಟ್ರೊವೈರಸ್. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲ್ಯುಕ್ ಮೊಂಟಾನ್ಯೇ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಬೇರ್ಪಡಿಸಿದರು. ಅವರಿಬ್ಬರಿಗೆ 2008ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಎಚ್‌ಐವಿ-1, ಎಚ್‌ಐವಿ-2 ಎಂಬ ಎರಡು ಬಗೆಗಳಲ್ಲಿ ಜಗತ್ತಿನಾದ್ಯಂತ ಹಬ್ಬಿರುವುದು ಮೊದಲನೆಯದು.

ಈ ವೈರಸ್ಸಿನ ಬಂಡವಾಳ ಅಚ್ಚರಿಯಾಗುವಷ್ಟು ಚಿಕ್ಕದು. ಮನುಷ್ಯನಲ್ಲಿ ಸುಮಾರು 20,000 ವಂಶವಾಹಿಗಳಿದ್ದರೆ ಇದರಲ್ಲಿರುವುದು ಒಂಬತ್ತೇ. ಅವೆಲ್ಲ ಸುಮಾರು 9,700 ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ ಎಳೆಯಲ್ಲಿ ಅಡಕವಾಗಿವೆ. ಅಂಥ ಎರಡು ಎಳೆಗಳನ್ನು ಶಂಕುವಿನಾಕಾರದ ಪ್ರೋಟೀನ್ ಕವಚ ಸುತ್ತಿಕೊಂಡಿರುತ್ತದೆ. ಅದರ ಹೊರಗಿನ ಕೊಬ್ಬಿನ ಪೊರೆ ವೈರಸ್ಸಿನ ಸ್ವಂತದ್ದಲ್ಲ, ಹಿಂದೆ ಹೊಕ್ಕಿದ್ದ ಜೀವಕೋಶದಿಂದ ಹರಿದು ತಂದದ್ದು.

ಪೊರೆಯ ಮೇಲಿನ ಜಿಪಿ120 ಪ್ರೋಟೀನು ಬಿಳಿ ರಕ್ತಕಣದ ಸಿಡಿ4 ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಅಷ್ಟೇ ಸಾಲದು, ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಎಂಬ ಇನ್ನೊಂದು ಗ್ರಾಹಕವೂ ಬೇಕು. ತಂದೆತಾಯಿ ಇಬ್ಬರಿಂದಲೂ ಸಿಸಿಆರ್5ರ ಒಂದು ನಿರ್ದಿಷ್ಟ ಲೋಪ ಪಡೆದವರಿಗೆ ಸೋಂಕು ತಗಲುವುದು ಬಲು ಅಪರೂಪ.

ಒಳಹೊಕ್ಕ ಮೇಲೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವು ಆರ್‌ಎನ್‌ಎಯನ್ನು ಓದಿ ಡಿಎನ್‌ಎ ಹೆಣೆಯುತ್ತದೆ. ಈ ಬಗೆಯ ಕಿಣ್ವವನ್ನು 1970ರಲ್ಲಿ ಬೇರೆ ವೈರಸ್‌ಗಳಲ್ಲಿ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಪ್ರತ್ಯೇಕವಾಗಿ ಕಂಡುಹಿಡಿದಿದ್ದರು. ತಪ್ಪು ತಿದ್ದಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಒಬ್ಬ ರೋಗಿಯ ದೇಹದಲ್ಲೇ ವೈರಸ್ಸಿನ ಅಸಂಖ್ಯ ರೂಪಗಳು ಹುಟ್ಟಿಕೊಳ್ಳುತ್ತವೆ. ಲಸಿಕೆ ಇನ್ನೂ ಕೈಗೆಟುಕದಿರಲು ಇದು ಮುಖ್ಯ ಕಾರಣ.

ನಂತರದ ಹಂತವೇ ಎಲ್ಲಕ್ಕಿಂತ ಗಂಭೀರವಾದದ್ದು. ಇಂಟಿಗ್ರೇಸ್ ಕಿಣ್ವವು ಈ ಡಿಎನ್‌ಎಯನ್ನು ಮನುಷ್ಯನ ವರ್ಣತಂತುವಿನೊಳಗೇ ಸೇರಿಸಿಬಿಡುತ್ತದೆ. ಅಲ್ಲಿಂದ ಅದು ಆ ಜೀವಕೋಶದ ವಂಶವಾಹಿಗಳಲ್ಲಿ ಒಂದಾಗಿ, ಕೋಶ ಇಬ್ಭಾಗವಾದಾಗಲೆಲ್ಲ ತಾನೂ ಇಮ್ಮಡಿಯಾಗುತ್ತದೆ. ಅದರಿಂದ ಆರ್‌ಎನ್‌ಎ ತಯಾರಾಗತೊಡಗಿದರೂ ಸುಮಾರು 60 ಅಕ್ಷರ ದಾಟುವಷ್ಟರಲ್ಲಿ ಕೆಲಸ ನಿಂತುಹೋಗುವುದುಂಟು. ವೈರಸ್ಸಿನದೇ ಟ್ಯಾಟ್ ಪ್ರೋಟೀನು ಅಲ್ಲಿ ಬಂದು ಕೂತು, ಕೋಶದ ಕಿಣ್ವವೊಂದನ್ನು ಕರೆತಂದ ಮೇಲೆಯೇ ಅದು ಸರಾಗವಾಗಿ ಮುಂದುವರಿಯುವುದು. ಟ್ಯಾಟ್ ಸಾಕಷ್ಟಿಲ್ಲದ ಕೋಶಗಳಲ್ಲಿ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯಬಲ್ಲದು.

ಭಾರತದಲ್ಲಿ ಹೆಚ್ಚಾಗಿರುವ, ಎಚ್‌ಐವಿ-1ರ ‘ಸಿ’ ಉಪಪ್ರಕಾರದಲ್ಲಿ ಈ ಆರ್‌ಎನ್‌ಎ ತಯಾರಿಕೆಗೆ ಚಾಲನೆ ಕೊಡುವ ಡಿಎನ್‌ಎ ಭಾಗವೇ ಭಿನ್ನ. ‘ಬಿ’ ಉಪಪ್ರಕಾರದಲ್ಲಿ ಆ ಚಾಲನೆಗೆ ನೆರವಾಗುವ ಎನ್‌ಎಫ್-ಕಪ್ಪಾ-ಬಿ ಪ್ರೋಟೀನು ಕೂರುವ ತಾಣಗಳು ಸಾಮಾನ್ಯವಾಗಿ ಎರಡಿದ್ದರೆ ‘ಸಿ’ಯಲ್ಲಿ ಮೂರು. ನಾಲ್ಕು ತಾಣಗಳುಳ್ಳ ತಳಿಗಳನ್ನೂ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗುರುತಿಸಿದ್ದಾರೆ.

1987ರಲ್ಲಿ ಬಂದ ಎಜೆಡ್‌ಟಿಯಿಂದ ಹಿಡಿದು ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಾಕಪವಿರ್‌ವರೆಗೆ ಪ್ರತಿ ಔಷಧವೂ ಈ ಸರಣಿಯ ಯಾವುದಾದರೂ ಒಂದು ಕೊಂಡಿಯನ್ನು ಕಡಿಯುತ್ತದೆ. ಚಿಕಿತ್ಸೆ ತಪ್ಪದೆ ಪಡೆದು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ವರ್ಣತಂತುವಿನಲ್ಲಿ ಸೇರಿಹೋದ ಡಿಎನ್‌ಎಯನ್ನು ಮಾತ್ರ ಈ ಔಷಧಗಳು ಮುಟ್ಟಲಾರವು. ಮಾತ್ರೆ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ವೈರಸ್ ರಕ್ತಕ್ಕೆ ಮರಳುತ್ತದೆ.