ಹಂಗಾಮಿನ ಕೂಲಿಗಳೂ ಕ್ಯಾಲಿಫೋರ್ನಿಯಾ ಸರ್ಕಾರವೂ

ಕ್ಯಾಲಿಫೋರ್ನಿಯಾದ ತೋಟಗಾರಿಕೆ ಮೊದಲಿನಿಂದಲೂ ಹಂಗಾಮಿನ ಕೂಲಿಯನ್ನೇ ನಂಬಿ ಬೆಳೆದದ್ದು. 1869ರಲ್ಲಿ ಅಮೆರಿಕದ ಪೂರ್ವ ಪಶ್ಚಿಮಗಳನ್ನು ಬೆಸೆದ ರೈಲು ಮಾರ್ಗ ಬಂತು, ಅದರ ಹಿಂದೆಯೇ ಮಂಜುಗಡ್ಡೆ ತುಂಬಿದ ಬೋಗಿಗಳು ಬಂದವು. ಪಶ್ಚಿಮದ ಹಣ್ಣು ತರಕಾರಿ ಕೆಡದೆ ಶಿಕಾಗೊ, ನ್ಯೂಯಾರ್ಕ್ ತಲುಪತೊಡಗಿದ ಮೇಲೆ ಸಾವಿರಾರು ಎಕರೆಯ ಗೋಧಿ ಹೊಲಗಳು ಒಂದೊಂದಾಗಿ ತೋಟಗಳಾದವು. ಗೋಧಿ ಕೊಯ್ಯಲು ಯಂತ್ರವಿತ್ತು. ದ್ರಾಕ್ಷಿ, ಪೀಚ್, ಲೆಟ್ಯೂಸ್‌ಗೆ ಜನರ ಕೈಯೇ ಬೇಕು, ಅದೂ ವರ್ಷದಲ್ಲಿ ಕೆಲವೇ ವಾರ. ಆ ವಾರಗಳಿಗೆ ಸಾವಿರಗಟ್ಟಲೆ ಜನ ಬೇಕು, ಉಳಿದ ತಿಂಗಳು ಅವರು ಯಾರಿಗೂ ಬೇಡ. ಈ ಲೆಕ್ಕಾಚಾರದ ಮೇಲೆ ನಿಂತ ಬೇಸಾಯದಲ್ಲಿ ಕೂಲಿಯವರು ಒಂದು ಕಣಿವೆಯ ಕೊಯ್ಲು ಮುಗಿಸಿ ಮುಂದಿನ ಕಣಿವೆಗೆ ಗಂಟುಮೂಟೆ ಕಟ್ಟುವುದು ಅನಿವಾರ್ಯವಾಯಿತು.

ಮೊದಲು ಬಂದವರು ಚೀನೀಯರು. 1882ರ ಕಾಯ್ದೆ ಅವರಿಗೆ ಬಾಗಿಲು ಮುಚ್ಚಿದ ಮೇಲೆ ಜಪಾನೀಯರು, ಅವರ ಬೆನ್ನಿಗೆ ಪಂಜಾಬಿನ ಸಿಖ್ಖರು, ಫಿಲಿಪೀನ್ಸಿನವರು, ಮೆಕ್ಸಿಕೊದವರು ಬಂದರು. ಇವರ ವಿಷಯದಲ್ಲಿ ರಾಜ್ಯ ಸರ್ಕಾರಕ್ಕೆ ಬಹುಕಾಲ ಇದ್ದ ಚಿಂತೆ ಇವರು ಇಲ್ಲೇ ಬೇರೂರಿಬಿಟ್ಟಾರು ಎಂಬುದು. ಪೌರತ್ವಕ್ಕೆ ಅರ್ಹರಲ್ಲದ ಪರದೇಶದವರು, ಎಂದರೆ ಮುಖ್ಯವಾಗಿ ಏಷ್ಯಾದವರು, ಕೃಷಿ ಜಮೀನು ಕೊಳ್ಳದಂತೆ 1913ರಲ್ಲಿ ಅದು ಕಾನೂನು ಮಾಡಿತು. ಕೂಲಿಗಳ ಕ್ಷೇಮವನ್ನು ನೋಡಿಕೊಳ್ಳುವ ಮೊದಲ ಸರ್ಕಾರಿ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಆದರೆ ಅದು ತೋಟದ ಬಿಡಾರಗಳತ್ತ ತಿರುಗಲು ನಾಲ್ಕು ಹೆಣ ಬೀಳಬೇಕಾಯಿತು.

ಸ್ಯಾಕ್ರಮೆಂಟೊ ಕಣಿವೆಯ ವೀಟ್‌ಲ್ಯಾಂಡ್ ಎಂಬಲ್ಲಿ ಡರ್ಸ್ಟ್ ಮನೆತನದ ಹಾಪ್ಸ್ ತೋಟವಿತ್ತು. ಹಾಪ್ಸ್ ಎಂದರೆ ಬಿಯರಿಗೆ ಕಹಿ ಕೊಡುವ ಹೂವು. ಬಿಡಿಸುವವರು ಬೇಕೆಂದು ಮಾಲೀಕರು ರಾಜ್ಯದ ಉದ್ದಗಲಕ್ಕೂ ಜಾಹೀರಾತು ಹಾಕಿದರು, ಅದೂ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಕರೆದರು. ಕೈ ಹೆಚ್ಚಾದಷ್ಟೂ ಕೂಲಿ ಇಳಿಯುತ್ತದೆಂಬುದು ಹಳೆಯ ತಂತ್ರ. ಹೆಂಗಸರು ಮಕ್ಕಳು ಸೇರಿ ಸುಮಾರು 2,800 ಮಂದಿ ಬಂದು ಬಿಡಾರ ಹೂಡಿದರು. ಅಷ್ಟು ಜನಕ್ಕೆ ಇದ್ದ ಶೌಚಾಲಯಗಳು ಹತ್ತನ್ನೂ ಮುಟ್ಟುತ್ತಿರಲಿಲ್ಲ. ಬಿಸಿಲು 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಹೊಲಕ್ಕೆ ಕುಡಿಯುವ ನೀರು ಬರುತ್ತಿರಲಿಲ್ಲ, ಬದಲಿಗೆ ಮಾಲೀಕರ ಸಂಬಂಧಿಯೊಬ್ಬ ನಿಂಬೆ ಪಾನಕವನ್ನು ದುಡ್ಡಿಗೆ ಮಾರುತ್ತಿದ್ದ. ಕೂಲಿಯ ಒಂದು ಭಾಗವನ್ನು ಬೋನಸ್ ಎಂಬ ಹೆಸರಿನಲ್ಲಿ ಹಿಡಿದಿಟ್ಟು ಹಂಗಾಮು ಮುಗಿಯುವವರೆಗೆ ನಿಂತವರಿಗೆ ಮಾತ್ರ ಕೊಡುತ್ತಿದ್ದರು. ಜನ ಕಾಯಿಲೆ ಬಿದ್ದು ನಡುವೆಯೇ ಹೊರಟರೆ ಅದು ತೋಟದವರಿಗೇ ಲಾಭ. 1913ರ ಆಗಸ್ಟ್ 3ರಂದು ಕೂಲಿಗಳ ಸಭೆಗೆ ಪೊಲೀಸರು ನುಗ್ಗಿದಾಗ ಗುಂಡು ಹಾರಿತು. ಜಿಲ್ಲೆಯ ಸರ್ಕಾರಿ ವಕೀಲ, ಒಬ್ಬ ಪೊಲೀಸ್ ಅಧಿಕಾರಿ ಮತ್ತು ಇಬ್ಬರು ಕೂಲಿಗಳು ಸತ್ತರು.

ಆಗ ಗವರ್ನರ್ ಆಗಿದ್ದವರು ಹೈರಮ್ ಜಾನ್ಸನ್. (ಅಮೆರಿಕದಲ್ಲಿ ಗವರ್ನರ್ ಜನರಿಂದ ಆಯ್ಕೆಯಾದ ಆಡಳಿತಗಾರ, ಭಾರತದ ಲೆಕ್ಕದಲ್ಲಿ ಮುಖ್ಯಮಂತ್ರಿಯ ಸ್ಥಾನ.) ಸೈಮನ್ ಲೂಬಿನ್ ಅಧ್ಯಕ್ಷತೆಯಲ್ಲಿ ಅವರು ನೇಮಿಸಿದ್ದ ವಲಸೆ ಮತ್ತು ವಸತಿ ಆಯೋಗಕ್ಕೆ ಗಲಭೆಯ ತನಿಖೆ ಬಂತು. ಅಲ್ಲಿಂದ ಮುಂದೆ ಕೂಲಿ ಬಿಡಾರಗಳ ನೈರ್ಮಲ್ಯದ ಕಾನೂನು ಗಟ್ಟಿಯಾಯಿತು. ಆಯೋಗದ ತನಿಖಾಧಿಕಾರಿಗಳು ತೋಟದಿಂದ ತೋಟಕ್ಕೆ ಹೋಗಿ ಬಚ್ಚಲು, ಕಕ್ಕಸು, ಕುಡಿಯುವ ನೀರು, ಮಲಗುವ ಜಾಗ ಪರೀಕ್ಷಿಸಿದರು. ಬಿಡಾರಗಳು ಸುಧಾರಿಸಿದ್ದೂ ನಿಜ. ಆದರೆ ಅದೇ ಆಯೋಗ ಕೂಲಿಗಳ ನಡುವೆ ಸಂಘ ಕಟ್ಟುತ್ತಿದ್ದವರ ಮೇಲೆ ಗುಪ್ತಚರರನ್ನೂ ಬಿಟ್ಟಿತ್ತು. ಕೂಲಿಗೆ ಶುಚಿಯಾದ ಬಿಡಾರ ಸಿಗಲಿ, ಸಂಘ ಮಾತ್ರ ಬೇಡ ಎಂಬ ಈ ನಿಲುವು ಮುಂದಿನ ಅರವತ್ತು ವರ್ಷ ರಾಜ್ಯದ ನೀತಿಯಲ್ಲಿ ಉಳಿದುಕೊಂಡಿತು. ಕೂಲಿ ಎಷ್ಟಿರಬೇಕೆಂಬ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ.

1930ರ ದಶಕದ ಆರ್ಥಿಕ ಕುಸಿತ ಮತ್ತು ಬರ ಓಕ್ಲಹೋಮ, ಟೆಕ್ಸಾಸ್, ಅರ್ಕನ್ಸಾಗಳಿಂದ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಹಳೆಯ ಕಾರುಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ದೂಡಿದವು. ಈ ಬಾರಿ ಬಂದವರು ಬಹುಪಾಲು ಬಿಳಿಯರು, ಅಮೆರಿಕದವರೇ. ಆದರೂ ಸ್ವಾಗತ ಬೇರೆಯಾಗಿರಲಿಲ್ಲ. 1936ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸರು ನೂರಾರು ಮೈಲಿ ದೂರದ ರಾಜ್ಯದ ಗಡಿಗೆ ಹೋಗಿ ನಿಂತು ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕೆ ಅಟ್ಟಿದರು. ನಿರ್ಗತಿಕರನ್ನು ರಾಜ್ಯದೊಳಗೆ ಕರೆತರುವುದೇ ಅಪರಾಧವೆಂಬ ಕಾನೂನೂ ಇತ್ತು. ಮೇರಿಸ್‌ವಿಲ್‌ನ ಒಬ್ಬಾತ ಟೆಕ್ಸಾಸ್‌ನಿಂದ ತನ್ನ ಭಾವಮೈದುನನನ್ನು ಕರೆತಂದು ಶಿಕ್ಷೆಗೆ ಒಳಗಾದ. ಆ ಪ್ರಕರಣ ಮೇಲೇರಿ ಅಮೆರಿಕದ ಸುಪ್ರೀಂ ಕೋರ್ಟ್ 1941ರಲ್ಲಿ ಆ ಕಾನೂನನ್ನು ರದ್ದುಮಾಡಿತು.

ವಿಚಿತ್ರವೆಂದರೆ ಅದೇ ಮೇರಿಸ್‌ವಿಲ್‌ನಲ್ಲಿ 1935ರಲ್ಲಿ ರಾಜ್ಯದ ತುರ್ತು ಪರಿಹಾರ ಇಲಾಖೆ ವಲಸಿಗರಿಗೆಂದು ಸರ್ಕಾರಿ ಶಿಬಿರ ಕಟ್ಟಿಸಿತ್ತು. ಇನ್ನೊಂದನ್ನು ದಕ್ಷಿಣದ ಆರ್ವಿನ್‌ನಲ್ಲಿ ಕಟ್ಟಿಸಿತು. ಇಂಥ ಶಿಬಿರಗಳು ಬೇಕೆಂದು ಅರ್ಥಶಾಸ್ತ್ರಜ್ಞ ಪಾಲ್ ಟೇಲರ್ ವರದಿ ಬರೆದಿದ್ದರು, ಡೊರೊಥಿಯಾ ಲ್ಯಾಂಗ್ ತೆಗೆದ ಚಿತ್ರಗಳು ಅದರೊಳಗೆ ಸೇರಿದ್ದವು. ಅಂಕಿಅಂಶಕ್ಕೆ ಅಲುಗದ ಅಧಿಕಾರಿಗಳನ್ನು ಆ ಚಿತ್ರಗಳು ಅಲುಗಿಸಿದವು ಎನ್ನಬೇಕು. ಶಿಬಿರಗಳಲ್ಲಿ ಡೇರೆ ಹಾಕಲು ಹಲಗೆಯ ಜಗಲಿ, ನಲ್ಲಿ ನೀರು, ಸ್ನಾನದ ಮನೆ, ಬಟ್ಟೆ ಒಗೆಯುವ ಕಟ್ಟೆ ಇದ್ದವು. ನಿವಾಸಿಗಳೇ ಆರಿಸಿದ ಸಮಿತಿ ಶಿಬಿರದ ಆಡಳಿತ ನೋಡಿಕೊಳ್ಳುತ್ತಿತ್ತು. ಮಾಲೀಕನ ಜಮೀನಿನಲ್ಲಿ ಇಲ್ಲದ ಬಿಡಾರ ಇದಾದ್ದರಿಂದ ಕೂಲಿ ಕೇಳಿ ಗಲಾಟೆ ಮಾಡಿದವರನ್ನು ರಾತ್ರೋರಾತ್ರಿ ಹೊರಹಾಕುವ ಹಾಗಿರಲಿಲ್ಲ. ತೋಟದ ಮಾಲೀಕರು ಈ ಶಿಬಿರಗಳನ್ನು ವಿರೋಧಿಸಿದ್ದಕ್ಕೆ ಇದೇ ಕಾರಣ. ಸ್ವಲ್ಪ ದಿನಗಳಲ್ಲೇ ಶಿಬಿರಗಳು ಒಕ್ಕೂಟ ಸರ್ಕಾರದ ಕೈಗೆ ಹೋದವು. ಜಾನ್ ಸ್ಟೈನ್‌ಬೆಕ್ 1939ರಲ್ಲಿ ಪ್ರಕಟಿಸಿದ ‘ದ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ಸರ್ಕಾರಿ ಶಿಬಿರಕ್ಕೆ ಆರ್ವಿನ್ನೇ ಮಾದರಿ. ಅದೇ ವರ್ಷ ಕೃಷಿ ಕೂಲಿಗಳ ಕುರಿತು ‘ಫ್ಯಾಕ್ಟರೀಸ್ ಇನ್ ದ ಫೀಲ್ಡ್’ ಬರೆದ ಕ್ಯಾರಿ ಮೆಕ್‌ವಿಲಿಯಮ್ಸ್ ಅವರನ್ನು ಗವರ್ನರ್ ಕಲ್ಬರ್ಟ್ ಓಲ್ಸನ್ ವಲಸೆ ಮತ್ತು ವಸತಿ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿದರು. ಬಿಡಾರಗಳ ತಪಾಸಣೆ ಮತ್ತೆ ಚುರುಕಾಯಿತು. 1942ರ ಚುನಾವಣೆಯಲ್ಲಿ ಓಲ್ಸನ್ ಸೋತರು, ಮೆಕ್‌ವಿಲಿಯಮ್ಸ್ ಹುದ್ದೆಯೂ ಹೋಯಿತು.

ರಾಜ್ಯವೊಂದು ಇಷ್ಟೆಲ್ಲ ಹೊಣೆ ಹೊರಬೇಕಾಗಿ ಬಂದದ್ದೇಕೆ ಎಂಬುದಕ್ಕೆ ಉತ್ತರ ವಾಷಿಂಗ್ಟನ್ನಿನಲ್ಲಿದೆ. ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕು ಕೊಟ್ಟ 1935ರ ರಾಷ್ಟ್ರೀಯ ಕಾನೂನು ಕೃಷಿ ಕೂಲಿಗಳನ್ನು ಹೊರಗಿಟ್ಟಿತು. ಕನಿಷ್ಠ ಕೂಲಿ ಮತ್ತು ಓವರ್‌ಟೈಮ್ ನಿಗದಿ ಮಾಡಿದ 1938ರ ಕಾನೂನೂ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳ ಜಮೀನ್ದಾರರ ಒತ್ತಡ ಇದರ ಹಿಂದಿತ್ತು, ಅಲ್ಲಿನ ಕೃಷಿ ಕೂಲಿಗಳಲ್ಲಿ ಬಹಳಷ್ಟು ಮಂದಿ ಕಪ್ಪುಜನ. ರಾಷ್ಟ್ರೀಯ ಕಾನೂನು ಬಿಟ್ಟ ಈ ಖಾಲಿ ಜಾಗವನ್ನು ತುಂಬುವುದೋ ಬಿಡುವುದೋ ಆಯಾ ರಾಜ್ಯದ ಇಷ್ಟವಾಯಿತು.

1942ರಿಂದ 1964ರವರೆಗೆ ಕ್ಯಾಲಿಫೋರ್ನಿಯಾ ಅದನ್ನು ತುಂಬದೆ ಬಿಟ್ಟಿತು. ಯುದ್ಧಕಾಲದ ಒಪ್ಪಂದವೊಂದರ ಮೇಲೆ ಮೆಕ್ಸಿಕೊದಿಂದ ಕರಾರು ಕೂಲಿಗಳನ್ನು ತರಿಸುವ ‘ಬ್ರಸೆರೊ’ ಯೋಜನೆ ಆ ಅವಧಿಯಲ್ಲಿ ನಡೆಯಿತು. ದೇಶದಾದ್ಯಂತ ನಲವತ್ತೈದು ಲಕ್ಷಕ್ಕೂ ಹೆಚ್ಚು ಕರಾರುಗಳಾದವು. ಸ್ಥಳೀಯ ಕೂಲಿಗಳ ಕೊರತೆಯಿದೆ ಎಂದು ಪ್ರಮಾಣಪತ್ರ ಕೊಡುವುದು ರಾಜ್ಯದ ಉದ್ಯೋಗ ಇಲಾಖೆಯ ಕೆಲಸ, ಅದು ಆ ಪತ್ರವನ್ನು ಕೈಬಿಚ್ಚಿ ಕೊಟ್ಟಿತು. ಯೋಜನೆ ನಿಂತ ಮೇಲೆ ಗಂಡಸರ ತಂಡಗಳ ಬದಲು ಕುಟುಂಬಗಳು ಬರತೊಡಗಿದವು, ಅವರಿಗೆ ಮನೆ ಬೇಕಾಯಿತು.

1965ರಲ್ಲಿ ಗವರ್ನರ್ ಪ್ಯಾಟ್ ಬ್ರೌನ್ ಸರ್ಕಾರ ಒಕ್ಕೂಟದ ಬಡತನ ನಿವಾರಣೆ ಹಣವನ್ನು ಬಳಸಿ ವಲಸೆ ಸೇವಾ ಕಚೇರಿ ತೆರೆಯಿತು. ಕೊಯ್ಲಿನ ಊರುಗಳ ಬಳಿ ಬಾಡಿಗೆ ಕಡಿಮೆಯಿರುವ ವಸತಿ ಕೇಂದ್ರಗಳು ಬಂದವು. ಈಗ ಅಂಥವು ಸುಮಾರು ಎರಡು ಡಜನ್ ಇವೆ, ಎಲ್ಲ ಸೇರಿ ಎರಡು ಸಾವಿರದ ಸಮೀಪ ಮನೆಗಳು. ಶಿಶುವಿಹಾರಗಳೂ ಜೊತೆಗಿವೆ. ಖಾಸಗಿ ಬಿಡಾರಗಳಿಗೆ ಹೋಲಿಸಿದರೆ ಇವು ಎಷ್ಟೋ ಮೇಲು, ಅದಕ್ಕೇ ಬಾಗಿಲು ತೆರೆಯುವ ದಿನ ಕುಟುಂಬಗಳು ಸಾಲು ನಿಲ್ಲುತ್ತವೆ. ಆದರೆ ಕೇಂದ್ರಗಳನ್ನು ನಡೆಸುವುದು ಕೊಯ್ಲಿನ ಪಂಚಾಂಗ. ವಸಂತದಲ್ಲಿ ತೆರೆದು ಆರು ತಿಂಗಳಿಗೆಲ್ಲ ಮುಚ್ಚಿದರೆ ಎಲ್ಲರೂ ಜಾಗ ಖಾಲಿ ಮಾಡಬೇಕು. ಮರುವರ್ಷ ಮನೆ ಬೇಕಿದ್ದರೆ ಹಿಂದಿನ ಆರು ತಿಂಗಳಲ್ಲಿ ಮೂರು ತಿಂಗಳಾದರೂ 50 ಮೈಲಿಗಿಂತ ದೂರದಲ್ಲಿ ವಾಸವಿದ್ದಿರಬೇಕಾಗಿತ್ತು. ವಲಸೆಯವರಿಗೆಂದು ಕಟ್ಟಿದ ಮನೆ ಊರಿನವರ ಪಾಲಾಗದಿರಲಿ ಎಂಬುದು ಈ ನಿಯಮದ ಉದ್ದೇಶವಾಗಿತ್ತು. ಪರಿಣಾಮ ತಿರುವುಮುರುವಾಯಿತು: ಹತ್ತಿರದಲ್ಲೇ ಚಳಿಗಾಲ ಕಳೆದು ಬೇರೂರಬಹುದಾಗಿದ್ದ ಕುಟುಂಬಗಳು ಮನೆಯ ಹಕ್ಕು ಉಳಿಸಿಕೊಳ್ಳಲಿಕ್ಕಾಗಿಯೇ ವಲಸೆ ಹೋಗಬೇಕಾಯಿತು. ಮಕ್ಕಳು ಶಾಲೆಯ ವರ್ಷದ ನಡುವೆ ಒಂದು ಊರು ಬಿಟ್ಟು ಇನ್ನೊಂದು ಊರಿನ ತರಗತಿಗೆ ಸೇರುವುದು, ಮತ್ತೆ ವಸಂತದಲ್ಲಿ ಹಿಂದಿರುಗುವುದು ನಡೆಯುತ್ತಲೇ ಇತ್ತು. ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಗಳಿಗೆ ಈ ನಿಯಮ ಸಡಿಲವಾದದ್ದು 2018ರಲ್ಲಿ, ಅದೂ ಪ್ರತಿ ಕೇಂದ್ರದ ಅರ್ಧದಷ್ಟು ಮನೆಗಳಿಗೆ ಮಾತ್ರ.

ವಲಸೆ ಸೇವಾ ಕಚೇರಿ ತೆರೆದ 1965ರಲ್ಲೇ, ಸೆಪ್ಟೆಂಬರ್ 8ರಂದು, ಡೆಲಾನೊ ಊರಿನ ದ್ರಾಕ್ಷಿ ತೋಟಗಳಲ್ಲಿ ಲ್ಯಾರಿ ಇಟ್ಲಿಯಾಂಗ್ ನಾಯಕತ್ವದ ಫಿಲಿಪಿನೊ ಕೂಲಿಗಳು ಮುಷ್ಕರ ಹೂಡಿದರು. ಸೀಸರ್ ಚಾವೆಜ್ ಮತ್ತು ಡೊಲೊರೆಸ್ ಹುಯೆರ್ಟಾ ಕಟ್ಟಿದ್ದ ಮೆಕ್ಸಿಕನ್ ಕೂಲಿಗಳ ಸಂಘ ಅವರ ಜೊತೆಗೂಡಿತು. 1966ರ ವಸಂತದಲ್ಲಿ ರಾಜಧಾನಿ ಸ್ಯಾಕ್ರಮೆಂಟೊಗೆ ಪಾದಯಾತ್ರೆ, ಆಮೇಲೆ ದೇಶಾದ್ಯಂತ ದ್ರಾಕ್ಷಿ ಬಹಿಷ್ಕಾರ ನಡೆದು, 1970ರಲ್ಲಿ ಮಾಲೀಕರು ಒಪ್ಪಂದಕ್ಕೆ ಬಂದರು. ಕಾನೂನಿನ ಬೆಂಬಲವಿಲ್ಲದ ಆ ಒಪ್ಪಂದಗಳು ಮೂರು ವರ್ಷದಲ್ಲಿ ಬಹುಪಾಲು ಕೈತಪ್ಪಿದವು.

ಪ್ಯಾಟ್ ಬ್ರೌನ್ ಮಗ ಜೆರ್ರಿ ಬ್ರೌನ್ ಗವರ್ನರ್ ಆದ ವರ್ಷವೇ, 1975ರ ಜೂನ್‌ನಲ್ಲಿ, ಕೃಷಿ ಕಾರ್ಮಿಕ ಸಂಬಂಧಗಳ ಕಾಯ್ದೆಗೆ ಸಹಿ ಹಾಕಿದರು. ಈ ಇತಿಹಾಸದಲ್ಲಿ ಹಂಗಾಮು ಎಂದರೇನೆಂದು ಅರಿತು ಬರೆದ ಮೊದಲ ಕಾನೂನು ಇದು. ಕೈಗಾರಿಕೆಯಲ್ಲಿ ಸಂಘ ಬೇಕೇ ಬೇಡವೇ ಎಂಬ ಚುನಾವಣೆಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ತೋಟದಲ್ಲಿ ಅಷ್ಟರೊಳಗೆ ಕೊಯ್ಲು ಮುಗಿದು ಮತದಾರರೇ ಇರುವುದಿಲ್ಲ. ಆದ್ದರಿಂದ ಅರ್ಜಿ ಕೊಟ್ಟ ಏಳು ದಿನದೊಳಗೆ ಗುಪ್ತ ಮತದಾನ ನಡೆಯಬೇಕು, ಮುಷ್ಕರವಿದ್ದರೆ 48 ಗಂಟೆಯೊಳಗೆ. ಕೊಯ್ಲಿನ ಉಚ್ಛ್ರಾಯದಲ್ಲಿರುವ ಕೂಲಿಗಳ ಸಂಖ್ಯೆಯ ಅರ್ಧವಾದರೂ ಕೆಲಸದಲ್ಲಿದ್ದಾಗ ಮಾತ್ರ ಅರ್ಜಿ ಹಾಕಬೇಕು, ಇಲ್ಲವಾದರೆ ಬೆರಳೆಣಿಕೆಯ ಕಾಯಂ ಆಳುಗಳು ನೂರಾರು ಜನರ ಪರವಾಗಿ ನಿರ್ಧರಿಸಿಬಿಡುತ್ತಾರೆ. ಕಾಯ್ದೆಯಡಿ ರಚನೆಯಾದ ಮಂಡಳಿಯು ಸಂಘದವರು ಕೆಲಸಕ್ಕೆ ಮುಂಚೆ, ಊಟದ ಹೊತ್ತಿಗೆ, ಕೆಲಸ ಬಿಟ್ಟ ಮೇಲೆ ತೋಟದೊಳಗೆ ಹೋಗಿ ಕೂಲಿಗಳೊಂದಿಗೆ ಮಾತಾಡಬಹುದೆಂದು ನಿಯಮ ಮಾಡಿತು.

ಮೊದಲ ಆರು ತಿಂಗಳಲ್ಲೇ ಚುನಾವಣೆಗಳು ನಾನೂರನ್ನು ದಾಟಿದವು, 1976ರ ಆರಂಭಕ್ಕೆ ಮಂಡಳಿಯ ಹಣ ಮುಗಿಯಿತು. ಮಾಲೀಕರ ಪರವಾದ ಶಾಸಕರು ಹೆಚ್ಚುವರಿ ಹಣ ತಡೆಹಿಡಿದದ್ದರಿಂದ ಕಚೇರಿಗಳು ತಿಂಗಳುಗಟ್ಟಲೆ ಮುಚ್ಚಿದವು. ಕಾನೂನನ್ನು ರದ್ದುಮಾಡದೆಯೇ ಸಾಯಿಸುವ ಈ ದಾರಿ ಎಲ್ಲ ದೇಶದಲ್ಲೂ ಉಂಟು. 1983ರಲ್ಲಿ ಅಧಿಕಾರಕ್ಕೆ ಬಂದ ಜಾರ್ಜ್ ಡ್ಯೂಕ್‌ಮೇಜಿಯನ್ ಕಾಲದಲ್ಲಿ ಮಂಡಳಿಯ ಅನುದಾನವೂ ಉತ್ಸಾಹವೂ ಕುಗ್ಗಿದವು. ತೋಟ ಪ್ರವೇಶದ ನಿಯಮ ಮಾತ್ರ 2021ರವರೆಗೆ ಉಳಿಯಿತು. ಆ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಅದು ಮಾಲೀಕರ ಆಸ್ತಿ ಹಕ್ಕಿನ ಉಲ್ಲಂಘನೆಯೆಂದು 6–3ರ ಬಹುಮತದಿಂದ ತಳ್ಳಿಹಾಕಿತು. ಇದಕ್ಕೆ ಉತ್ತರವೆಂಬಂತೆ 2022ರಲ್ಲಿ ಕೂಲಿಗಳು ಮತ್ತೆ ಸ್ಯಾಕ್ರಮೆಂಟೊಗೆ ನಡೆದರು. ಮೊದಲು ಹಿಂದೇಟು ಹಾಕಿದ್ದ ಗವರ್ನರ್ ಗ್ಯಾವಿನ್ ನ್ಯೂಸಮ್ ಕೊನೆಗೆ ಹೊಸ ಕಾನೂನಿಗೆ ಸಹಿ ಹಾಕಿದರು, ಬಹುಮತದ ಸಹಿ ಸಂಗ್ರಹಿಸಿದರೂ ಸಂಘಕ್ಕೆ ಮಾನ್ಯತೆ ಸಿಗುವ ದಾರಿ ತೆರೆಯಿತು.

1975ನೆಯ ವರ್ಷ ಇನ್ನೊಂದು ಕಾರಣಕ್ಕೂ ಮುಖ್ಯ. ಲೆಟ್ಯೂಸ್, ಸಕ್ಕರೆ ಬೀಟ್ ಹೊಲಗಳಲ್ಲಿ ಕಳೆ ತೆಗೆಯಲು, ಸಸಿ ಬಿಡಿಬಿಡಿಯಾಗಿಸಲು ಮೋಟು ಗುದ್ದಲಿ ಬಳಕೆಯಲ್ಲಿತ್ತು. ಹಿಡಿ ಒಂದಡಿಯಿಂದ ಎರಡಡಿಯೊಳಗೆ, ಹಾಗಾಗಿ ದಿನವಿಡೀ ಸೊಂಟ ಬಗ್ಗಿಸಿಯೇ ಕೆಲಸ. ಉದ್ದ ಹಿಡಿಯಿಂದ ಸಸಿಗೆ ಪೆಟ್ಟಾಗುತ್ತದೆ ಎಂದು ಮಾಲೀಕರು ಹೇಳುತ್ತಿದ್ದರು. ಮೇಸ್ತ್ರಿಗೆ ಇದರಲ್ಲಿ ಬೇರೊಂದು ಅನುಕೂಲವಿತ್ತು: ನೆಟ್ಟಗೆ ನಿಂತವರು ಯಾರೇ ಆಗಲಿ, ಕೆಲಸ ನಿಲ್ಲಿಸಿದ್ದಾರೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ನಡುಹರೆಯಕ್ಕೇ ಬೆನ್ನುಮೂಳೆ ಸವೆದವರ ಪರವಾಗಿ ಬಡವರ ಕಾನೂನು ನೆರವು ಸಂಸ್ಥೆಯ ವಕೀಲರು 1972ರಲ್ಲಿ ರಾಜ್ಯದ ಸುರಕ್ಷತಾ ಇಲಾಖೆಗೆ ಅರ್ಜಿ ಹಾಕಿದರು. ಅಪಾಯಕಾರಿ ಉಪಕರಣ ಎಂದರೆ ಮುರಿದದ್ದು, ದೋಷವಿದ್ದದ್ದು ಮಾತ್ರ, ಗುದ್ದಲಿ ಸರಿಯಾಗಿಯೇ ಇದೆ ಎಂದು ಇಲಾಖೆ ಕೈತೊಳೆದುಕೊಂಡಿತು. ರಾಜ್ಯದ ಸುಪ್ರೀಂ ಕೋರ್ಟ್ ಈ ಅರ್ಥವಿವರಣೆಯನ್ನು ಒಪ್ಪಲಿಲ್ಲ. 1975ರಲ್ಲಿ ಮೋಟು ಗುದ್ದಲಿ ನಿಷೇಧವಾಯಿತು. ಕೆಲವು ತೋಟದವರು ಗುದ್ದಲಿಯನ್ನೇ ಕಿತ್ತುಕೊಂಡು ಬರಿಗೈಯಲ್ಲಿ ಕಳೆ ಕೀಳಿಸಿದರು, ಆಗ ಬೆನ್ನು ಬಗ್ಗುವುದು ಬಗ್ಗಿಯೇ ಇತ್ತು. ಅದಕ್ಕೂ ಮಿತಿ ಬೀಳಲು 2004 ಬರಬೇಕಾಯಿತು.

ಕೆಲಸವಿಲ್ಲದ ತಿಂಗಳುಗಳ ನಿರುದ್ಯೋಗ ವಿಮೆಯೂ ಕೃಷಿ ಕೂಲಿಗಳಿಗೆ 1970ರ ದಶಕದಲ್ಲೇ ಸಿಕ್ಕಿತು. 2005ರ ಬೇಸಗೆಯಲ್ಲಿ ಹೊಲಗಳಲ್ಲಿ ಬಿಸಿಲಿಗೆ ಸಾವುಗಳಾದ ಮೇಲೆ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಸರ್ಕಾರ ಬಯಲು ಕೆಲಸಕ್ಕೆ ಶಾಖದ ನಿಯಮ ತಂದಿತು, ಅಮೆರಿಕದಲ್ಲೇ ಅದು ಮೊದಲನೆಯದು. ಗಂಟೆಗೆ ತಲಾ ಸುಮಾರು ಒಂದು ಲೀಟರ್ ತಣ್ಣೀರು ಇರಬೇಕು, ಕೇಳಿದಾಗ ನೆರಳಲ್ಲಿ ವಿಶ್ರಾಂತಿ ಕೊಡಬೇಕು. 2015ರ ತಿದ್ದುಪಡಿಯ ಬಳಿಕ 27 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ನೆರಳಿನ ಏರ್ಪಾಡು ಕಡ್ಡಾಯ. ಆದರೆ ಚದುರಿದ ಸಾವಿರಾರು ತೋಟಗಳಿಗೆ ತನಿಖಾಧಿಕಾರಿಗಳು ಬಹಳ ಕಡಿಮೆ. ತಂಡಗಳನ್ನು ಕರೆತರುವ ಗುತ್ತಿಗೆದಾರರ ನೆರಳಿನಲ್ಲಿ ತೋಟದ ಮಾಲೀಕ ಹೊಣೆಯಿಂದ ನುಣುಚಿಕೊಳ್ಳುವುದೂ ಸುಲಭ.

ಓವರ್‌ಟೈಮ್ ವಿಷಯದಲ್ಲಿ 1976ರಿಂದ ಕೃಷಿ ಕೂಲಿಗೆ ದಿನಕ್ಕೆ ಹತ್ತು ಗಂಟೆ ಮೀರಿದರೆ ಮಾತ್ರ ಹೆಚ್ಚುವರಿ ಕೂಲಿಯಿತ್ತು. ಇತರ ಕಾರ್ಮಿಕರಿಗಿರುವ ಎಂಟು ಗಂಟೆಯ ಮಿತಿಯನ್ನು 2016ರ ಕಾನೂನು ಹಂತಹಂತವಾಗಿ ತಂದಿತು. ದೊಡ್ಡ ತೋಟಗಳಿಗೆ ಅದು 2022ರಲ್ಲಿ, 25 ಅಥವಾ ಅದಕ್ಕಿಂತ ಕಡಿಮೆ ಆಳುಗಳಿರುವ ಸಣ್ಣ ತೋಟಗಳಿಗೆ 2025ರಲ್ಲಿ ಪೂರ್ತಿ ಜಾರಿಯಾಯಿತು. ಹಲವು ಮಾಲೀಕರು ವಾರಕ್ಕೆ ನಲವತ್ತು ಗಂಟೆ ಮುಗಿಯುತ್ತಲೇ ಕೆಲಸ ನಿಲ್ಲಿಸತೊಡಗಿದ್ದರಿಂದ, ಕೊಯ್ಲಿನ ವಾರಗಳಲ್ಲಿ ದುಡಿದು ವರ್ಷಕ್ಕಾಗುವಷ್ಟು ಕೂಡಿಡುತ್ತಿದ್ದ ಕೂಲಿಗಳಲ್ಲಿ ಒಂದು ಪಾಲು ಜನ ಈ ಸುಧಾರಣೆಯ ಬಗ್ಗೆಯೇ ಗೊಣಗಿದ್ದೂ ಉಂಟು.

ಇಂದು ಈ ತೋಟಗಳಲ್ಲಿ ದುಡಿಯುವವರಲ್ಲಿ ದೊಡ್ಡ ಪಾಲು ಮೆಕ್ಸಿಕೊ ಮೂಲದವರು, ಬಹಳಷ್ಟು ಮಂದಿಗೆ ವಾಸದ ದಾಖಲೆಪತ್ರವಿಲ್ಲ. ವಲಸೆ ಕಾನೂನು ವಾಷಿಂಗ್ಟನ್ನಿನ ಕೈಯಲ್ಲಿದೆ, ರಾಜ್ಯಕ್ಕೆ ಉಳಿದದ್ದು ಸುತ್ತಲಿನ ಸೌಲಭ್ಯಗಳು. ದಾಖಲೆಯಿಲ್ಲದವರಿಗೂ ವಾಹನ ಚಾಲನಾ ಪರವಾನಗಿ 2015ರಿಂದ ಸಿಗತೊಡಗಿತು. ರಾಜ್ಯದ ಬಡವರ ವೈದ್ಯಕೀಯ ಯೋಜನೆ ಮೆಡಿ-ಕ್ಯಾಲ್ ಹಂತಹಂತವಾಗಿ ಹಿಗ್ಗಿ 2024ರಲ್ಲಿ ಎಲ್ಲ ವಯಸ್ಸಿನವರನ್ನೂ ಒಳಗೊಂಡಿತು. ಮರುವರ್ಷ ಬಜೆಟ್ ಕೊರತೆ ಎದುರಾದಾಗ, ದಾಖಲೆಯಿಲ್ಲದ ವಯಸ್ಕರ ಹೊಸ ನೋಂದಣಿಯನ್ನು 2026ರ ಜನವರಿಯಿಂದ ನಿಲ್ಲಿಸಲು ಸರ್ಕಾರ ತೀರ್ಮಾನಿಸಿತು.