ವಿಂಟೇಜ್ ಕಾರು: ಹೊಳಪಿಗಿಂತ ಮೂಲರೂಪ ಮುಖ್ಯ

ಹಳೆಯ ಕಾರುಗಳನ್ನು ದುರಸ್ತಿಗೊಳಿಸಿ ಮತ್ತೆ ರಸ್ತೆಗಿಳಿಸುವ ಹವ್ಯಾಸಕ್ಕೆ ತಾಳ್ಮೆಯ ಜತೆಗೆ ನಿಯಮಗಳ ಅರಿವೂ ಅಗತ್ಯ. 1919ರಿಂದ 1930ರವರೆಗೆ ತಯಾರಾದ ಕಾರುಗಳನ್ನು 'ವಿಂಟೇಜ್' ಎನ್ನುವುದು ಹವ್ಯಾಸಿಗಳ ವಾಡಿಕೆ. ಆದರೆ ಕಾನೂನಿನ ಅಳತೆಗೋಲು ಬೇರೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಸ್ವಂತ ಬಳಕೆಯ ಕಾರು ಹಾಗೂ ದ್ವಿಚಕ್ರ ವಾಹನಗಳು ವಿಂಟೇಜ್ ಮಾನ್ಯತೆಗೆ ಅರ್ಹ. ಲಾರಿಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಹೊಸ ನೋಂದಣಿಗೆ ಶುಲ್ಕ 20,000 ರೂ.; ಅವಧಿ 10 ವರ್ಷ. ಹೀಗೆ ನೋಂದಾಯಿಸಿದ ವಾಹನದ ಸಂಖ್ಯಾಫಲಕದಲ್ಲಿ 'ವಿಎ' ಅಕ್ಷರಗಳಿರುತ್ತವೆ. ಪ್ರದರ್ಶನ, ರ್‍ಯಾಲಿ, ಇಂಧನ ಭರ್ತಿ, ನಿರ್ವಹಣೆಯಂತಹ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು; ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ.

ಚಾಸಿಸ್, ಬಾಡಿ ಅಥವಾ ಎಂಜಿನ್ ಮಾರ್ಪಡಿಸಿದ ವಾಹನಕ್ಕೆ ಈ ಮಾನ್ಯತೆ ದೊರೆಯದು. ಬಿಡಿಭಾಗ ಸಿಗಲಿಲ್ಲವೆಂದು ಬೇರೆ ಎಂಜಿನ್ ಕೂರಿಸಲು ಹೊರಡುವವರು ಇದನ್ನು ಮರೆಯಬಾರದು.

ದುರಸ್ತಿಗೂ ಒಂದು ಕ್ರಮವಿದೆ. ಬಿಚ್ಚುವ ಮುನ್ನ ಪ್ರತಿ ಭಾಗದ ಛಾಯಾಚಿತ್ರ ತೆಗೆದು, ಬಿಚ್ಚಿದ್ದಕ್ಕೆ ಚೀಟಿ ಕಟ್ಟಬೇಕು. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಏಕಾಏಕಿ ಸ್ಟಾರ್ಟ್ ಮಾಡಬಾರದು. ಸ್ಪಾರ್ಕ್ ಪ್ಲಗ್ ಕಳಚಿ, ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಟ್ಯಾಂಕ್ ಶುಚಿಗೊಳಿಸಿ, ಬ್ರೇಕ್ ಸರಿಪಡಿಸಿದ ನಂತರವೇ ಚಾಲನೆ. ಎಥೆನಾಲ್ ಮಿಶ್ರಿತ ಪೆಟ್ರೋಲ್ ಹಳೆಯ ರಬ್ಬರ್ ಕೊಳವೆಗಳನ್ನು ಹಾಳುಮಾಡುವುದರಿಂದ ಅವುಗಳನ್ನು ಬದಲಿಸುವುದು ಒಳಿತು. ಬಣ್ಣದ ಸರದಿ ಕೊನೆಯಲ್ಲಿ.

ಜತನವಾಗಿ ಉಳಿಸಿಕೊಂಡ ಹಳೆಯ ಕಾರುಗಳನ್ನು ಕಣ್ಣಾರೆ ಕಾಣಬಯಸುವವರು ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಭೇಟಿ ನೀಡಬಹುದು.